ನೀಲಿ ಮುಗಿದ ದಿನ

ಶಾಲೆಗೆ ಬೀಗ ಬಿದ್ದದ್ದು ಮಾರ್ಚಿನಲ್ಲಿ.
ಉಳಿದ ಮಕ್ಕಳು ಎರಡೇ, ಎರಡೂ ನನ್ನವೇ.
ವಾರದ ದೋಣಿ ಹತ್ತುವಾಗ ಟೀಚರಮ್ಮ
ಗಂಟೆಯನ್ನು ನನ್ನ ಕೈಗಿತ್ತಳು:
"ಇಟ್ಟುಕೋ ಓಸ್ಲಾ, ಕುರಿ ಕರೆಯಲಾದರೂ ಆದೀತು."

ಶೆಟ್‌ಲಂಡಿನ ಈ ತುದಿಯಲ್ಲಿ ಮರವಿಲ್ಲ,
ಗಾಳಿ ಬೆಳೆಯಗೊಡುವುದಿಲ್ಲ.
ಅಡಿಗೆಮನೆಯ ಮೇಜೇ ಈಗ ತರಗತಿ:
ಈ ಕೊನೆಗೆ ರೂನಾಳ ಅಕ್ಷರ,
ಆ ಕೊನೆಗೆ ಮ್ಯಾನ್ಸಿಯ ಮಗ್ಗಿ,
ನಡುವೆ ಗಿಬ್ಬಿ ಬಿಚ್ಚಿಟ್ಟ ದೋಣಿಯ ಇಂಜಿನ್ನು.

ನಾನೋ, ಹದಿನಾರಕ್ಕೆ ಪುಸ್ತಕ ಮುಚ್ಚಿ
ಮೀನು ಸೀಳಲು ಹೋದವಳು.
ಭಿನ್ನರಾಶಿ ಅಂದರೆ ಇಂದಿಗೂ
ಹೊಟ್ಟೆಯೊಳಗೆ ಏನೋ ಮಗುಚಿದ ಹಾಗೆ.

ಎಲ್ಲ ಮಲಗಿದ ಮೇಲೆ ಹುಡುಕುತ್ತೇನೆ.
ಗಾಳಿ ಹೇಳಿದಂತೆ ಕೇಳುವ ಇಂಟರ್ನೆಟ್ಟು.
ಮೊದಲು ಅರ್ಧ ಪುಟ, ಆಮೇಲೆ ಏನೂ ಇಲ್ಲ,
ಆಮೇಲೆ ಒಮ್ಮೆಗೇ ಜಗತ್ತಿನ ತಾಯಂದಿರೆಲ್ಲ.
ಒಬ್ಬಳ ಗೋಡೆಯ ತುಂಬ ತೂಗುವ ಗ್ರಹಗಳು.
ಒಬ್ಬಳ ಮಕ್ಕಳಿಗೆ ಏಳಕ್ಕೇ ಲ್ಯಾಟಿನ್.
ಒಬ್ಬಳ ಮೇಜಿನ ಮೇಲೆ ಒಂದು ಚೂರು
ರೊಟ್ಟಿಪುಡಿಯೂ ಇಲ್ಲ!
ನೋಡನೋಡುತ್ತ ಕುಗ್ಗುತ್ತೇನೆ,
ಬಿಸಿನೀರಿಗೆ ಬಿದ್ದ ಉಣ್ಣೆಯಂತೆ.

ಆಗ ಸಿಕ್ಕಳು ಮರ್ಲ್,
ಟಾಸ್ಮೇನಿಯಾದ ಸೇಬಿನ ತೋಟದವಳು.
ಮಸುಕು ಫೋಟೋ, ಹೆಚ್ಚಿದ ಸೇಬು, ಬೆರಳಿಗೆ ಬ್ಯಾಂಡೇಜು.
ಕೆಳಗೆ ಬರೆದಿದ್ದಳು:
"ಮೂರರಲ್ಲೊಂದು ಪಾಲು ಅಂದರೇನೆಂದು ಕಲಿಸಹೊರಟೆ.
ಮೂರನೆಯವನು ತನ್ನ ಪಾಲು ತಿಂದುಬಿಟ್ಟ.
ಉಳಿದದ್ದೆಷ್ಟು ಅಂತ ಇಡೀ ದಿನ ಜಗಳ.
ಪಾಠ ಆಯಿತೆಂದೇ ಲೆಕ್ಕ."
ನಡುರಾತ್ರಿ ಜೋರಾಗಿ ನಕ್ಕೆ.
ನಾಯಿ ಎದ್ದು ಬಾಗಿಲ ಕಡೆ ನೋಡಿತು.

ಆ ಭೂಪಟ ಅವಳೇ ಕಳಿಸಿದ್ದು,
ನಾಲ್ಕು ಹಾಳೆ ಮುದ್ರಿಸಿ ಅಂಟಿಸುವಂಥದ್ದು.
ಮುದಿ ಪ್ರಿಂಟರು ಕೆಮ್ಮಿತು, ಎಳೆಯಿತು, ಉಗುಳಿತು:
ಹಳದಿ ಆಫ್ರಿಕಾ, ಹಳದಿ ಬ್ರೆಜಿಲ್,
ಕಡಲಿರಬೇಕಾದಲ್ಲೆಲ್ಲ ಬರೀ ಬಿಳಿ.
ನೀಲಿ ಮುಗಿದರೆ ಹಸಿರೂ ಮುಗಿಯುತ್ತದೆಂದು
ನನಗೂ ಅಂದೇ ಗೊತ್ತಾದದ್ದು.
ಇಂಕು ಬರುವುದು ದೋಣಿ ಬಂದಾಗ,
ದೋಣಿ ಬರುವುದು ಗಾಳಿ ಬಿಟ್ಟಾಗ.

"ಸಮುದ್ರ ಎಲ್ಲಿ?" ಅಂದಳು ರೂನಾ.
"ಮಂಜು ಕವಿದಿದೆ," ಅಂದ ಮ್ಯಾನ್ಸಿ.
ಎದ್ದು ಕೊಟ್ಟಿಗೆಗೆ ಹೋದ.
ಬಂದಾಗ ಕೈಯಲ್ಲಿ ಕುರಿಗೆ ಗುರುತು ಹಚ್ಚುವ ನೀಲಿ ಕಡ್ಡಿ,
ಉಣ್ಣೆಯೆಳೆ ಅಂಟಿದ್ದು, ಜಿಡ್ಡು ಜಿಡ್ಡು.

ಬೋರಲು ಮಲಗಿ ಇಬ್ಬರೂ ಕಡಲು ತುಂಬಿದರು.
ಅಟ್ಲಾಂಟಿಕ್ಕಿಗೇ ಹೋಯಿತು ಬೆಳಗು.
ಊಟದ ಮೇಲೆ ಪೆಸಿಫಿಕ್ಕು:
"ಅಮ್ಮಾ, ಇದು ಮುಗಿಯೋದೇ ಇಲ್ಲ!"
ಈ ಅಂಚಿನ ನೀರೇ ಆ ಅಂಚಿನಲ್ಲಿ ಮುಂದುವರಿಯುವುದೆಂದು
ಹೇಳಬೇಕೆಂದು ಬಾಯಿ ತೆರೆದಿದ್ದೆ.
ಮ್ಯಾನ್ಸಿ ಹಾಳೆಯನ್ನು ಕೊಳವೆಯಾಗಿ ಸುತ್ತಿ
ಅಂಚಿಗೆ ಅಂಚು ಕೂಡಿಸಿ ನೋಡಿ
"ಓ" ಅಂದ.
ಅಷ್ಟೇ. ಓ.
ಇಲಾಖೆಗೆ ಕಳಿಸುವ ವರದಿಯಲ್ಲಿ
ಅದನ್ನು ಯಾವ ಅಂಕಣಕ್ಕೆ ಬರೆಯಲಿ?

"ಸರಿ, ಇದರಲ್ಲಿ ನಾವೆಲ್ಲಿ?"
ನಾವಿರಲಿಲ್ಲ. ಸ್ಕಾಟ್ಲೆಂಡಿನ ನೆತ್ತಿ ದಾಟಿದ ಮೇಲೆ
ನಕ್ಷೆ ಬರೆದವರ ಕೈ ಸೋತಿರಬೇಕು.
ರೂನಾ ನಾಲಿಗೆ ಕಚ್ಚಿ ಹಿಡಿದು
ಪೆನ್ಸಿಲ್ಲಿನಿಂದ ಒಂದು ಚುಕ್ಕೆ ಇಟ್ಟಳು.
ಸಂಜೆ ಗಿಬ್ಬಿ ಬಗ್ಗಿ ನೋಡಿ
ಕುರಿಹಿಕ್ಕೆಯ ಕಲೆಯೆಂದು ಉಗುರಿನಿಂದ ಕೆರೆಯಹೋದ.
ಇಬ್ಬರೂ ಕಿರುಚಿದ ರಭಸಕ್ಕೆ
ಬಿಸಿ ತಾಕಿದವನಂತೆ ಕೈ ಎಳೆದುಕೊಂಡ.

ಫೋಟೋ ತೆಗೆದು ಮರ್ಲ್‌ಗೆ ಕಳಿಸಿದೆ.
ರೊಟ್ಟಿಪುಡಿ ಒರೆಸಲಿಲ್ಲ,
ಇಂಜಿನ್ನನ್ನೂ ಸರಿಸಲಿಲ್ಲ.
ಮನೆಯೆಲ್ಲ ಕುರಿಯ ವಾಸನೆಯ ಕಡಲು.

ಬೆಳಗ್ಗೆ ಉತ್ತರ ಬಂದಿತ್ತು.
ಸೇಬು ತಿಂದ ಆ ಮೂರನೆಯವನು ಕೇಳಿದ್ದಾನಂತೆ:
ಆ ಚುಕ್ಕೆಯಲ್ಲಿ ಎಷ್ಟು ಜನ ಇದ್ದೀರಿ?
ನನಗೂ ಗೊತ್ತಿಲ್ಲ. ಮೂವತ್ತು ಅಂದುಕೊಂಡಿದ್ದೆ;
ಹೋದವರು, ಬಂದವರು, ಹೋಗುತ್ತೇನೆಂದು ಇನ್ನೂ ಹೋಗದವರು.
ಎಣಿಸಿ ತಿಳಿಸುತ್ತೇವೆ ಎಂದು ಬರೆದೆ.

ಈಗ ಇಬ್ಬರೂ ಮಳೆಯಂಗಿ ತೊಟ್ಟು,
ಶಾಲೆಯ ಗಂಟೆ ಹಿಡಿದು
ಮನೆಮನೆಗೆ ಹೊರಟಿದ್ದಾರೆ.
ಕುರಿಗಳನ್ನೂ ಎಣಿಸಬೇಕಾ ಎಂದು
ರೂನಾ ಗೇಟಿನಿಂದಲೇ ಕೂಗಿ ಕೇಳುತ್ತಿದ್ದಾಳೆ.