ಸೌದೆಯ ಬಾಕಿ

ತೆಕ್‌ಬಿಪ್‌ನಿಂದ ಓಕ್‌ಸಾಲ್‌ಗೆ
ಹಕ್ಕಿ ಹಾರಿದ ಹಾಗೆ ಮೂವತ್ತೆರಡು ಕಿಲೋಮೀಟರು,
ಸೆಸ್ನಾ ಹಾರಿದ ಹಾಗೆ ಹನ್ನೊಂದು ನಿಮಿಷ,
ಮೋಡ ಒಪ್ಪಿದರೆ.
ಒಪ್ಪದಿದ್ದರೆ ಒಂದು ವಾರವೂ ಆದೀತು.
ಕಾಲ್ದಾರಿಯ ಲೆಕ್ಕ ನನ್ನ ಪುಸ್ತಕದಲ್ಲಿಲ್ಲ:
ಎರಡು ಕಣಿವೆ, ಒಂದು ಬೆತ್ತದ ಸೇತುವೆ, ಮೂರು ರಾತ್ರಿ.

ನನ್ನ ಕೆಲಸ ತೂಗುವುದು.
ಪಪುವಾದ ಈ ಬೆಟ್ಟದ ನೆತ್ತಿಯಲ್ಲಿ,
ಹುಲ್ಲು ಕತ್ತರಿಸಿದ ಇಳಿಜಾರಿನ ಅಂಚಿನಲ್ಲಿ,
ಒಂದು ತಕ್ಕಡಿ, ಒಂದು ರೇಡಿಯೊ,
ಹಂದಿ ಓಡಿಸಲು ಒಂದು ಕೋಲು.
ಮನುಷ್ಯರನ್ನೂ ತೂಗುತ್ತೇನೆ, ಈರುಳ್ಳಿ ಮೂಟೆಯನ್ನೂ;
ವಿಮಾನಕ್ಕೆ ಎರಡೂ ಒಂದೇ.
ಮದುವೆಗೆ ಹೊರಟ ಹುಡುಗಿಯೂ ಇಲ್ಲಿ ಮೊದಲು
ನಲವತ್ತಾರು ಕಿಲೋ, ಆಮೇಲೆ ಹುಡುಗಿ.

ದಾಸ್ಯಾಲ್ ಮುದುಕ ಐವತ್ತೊಂದು.
ಗೆಣಸಿನ ಚೀಲ ಆರು. ಕೊಡಲಿ ಎರಡು.
ಕೊಡಲಿ ಯಾಕೆ ತಾತ, ಮಗಳ ಮನೆಯಲ್ಲಿ ಇಲ್ಲವೇ ಎಂದೆ.
ಅವನು ಬೇರೆಯದನ್ನೇ ಕೇಳಿದ:
"ಹನ್ನೊಂದೇ ನಿಮಿಷವಾದರೆ
ಆ ಮೂರು ರಾತ್ರಿಗಳನ್ನು ಎಲ್ಲಿ ಇಳಿಸುತ್ತೀರಿ?"

ಪೈಲಟ್ ಮರೀಕೆ ಸಂಜೆ ರೇಡಿಯೊದಲ್ಲಿ ಹೇಳಿದಳು:
ಆರನೇ ನಿಮಿಷಕ್ಕೆ ಮುದುಕ ಅವಳ ಭುಜ ತಟ್ಟಿದನಂತೆ,
ಕೆಳಗೆ ಬೆರಳು ತೋರಿಸಿದನಂತೆ.
ಅವಳಿಗೆ ಕಂಡದ್ದು ಬರಿಯ ಹಸಿರು.
ಇಲ್ಲೇ ನಿಲ್ಲಿಸು ಅಂದನಂತೆ, ದೋಣಿಯವನಿಗೆ ಅಂದ ಹಾಗೆ.

ಅಲ್ಲೊಂದು ಕಲ್ಲಾಸರೆ ಇದೆ.
ಎರಡನೇ ರಾತ್ರಿ ಎಲ್ಲರೂ ಮಲಗುವುದು ಅದರಡಿಗೆ.
ಬಂದವನು ಒಣಸೌದೆ ಉರಿಸುತ್ತಾನೆ,
ಹೊರಡುವ ಮುನ್ನ ಹಸಿಸೌದೆ ಕಡಿದು ಒಟ್ಟುತ್ತಾನೆ.
ಮುಂದಿನವನು ಬರುವಷ್ಟರಲ್ಲಿ ಅದು ಒಣಗಿರುತ್ತದೆ.
ಯಾರು ಯಾರಿಗೆ ಎಂದು ಕೇಳುವ ಹಾಗಿಲ್ಲ.
ನನ್ನಪ್ಪ ಒಟ್ಟಿದ ರಾಶಿಯಲ್ಲಿ
ನಾನು ಕಾಣದವನೊಬ್ಬ ಮೈ ಕಾಯಿಸಿಕೊಂಡಿರಬೇಕು.

ಹೋದ ವರ್ಷ ಜ್ವರದಲ್ಲಿ ನಡುಗುತ್ತ ದಾಸ್ಯಾಲ್
ಇದ್ದಷ್ಟನ್ನೂ ಉರಿಸಿ,
ಒಂದು ಪುರಳೆಯನ್ನೂ ಇಡದೆ ಎದ್ದು ಬಂದಿದ್ದ.
ಆಮೇಲೆ ಆ ದಾರಿಯಲ್ಲಿ ಯಾರು ಹೋದರೋ.
ಯಾರೂ ಹೋಗದಿದ್ದರೂ ಬಾಕಿ ಬಾಕಿಯೇ.

ಮರಳುವ ಟಿಕೆಟ್ಟು ಅವನ ಹೆಸರಿಗಿತ್ತು, ಗುರುವಾರಕ್ಕೆ.
ವಿಮಾನ ಬಂತು. ಬಾಗಿಲು ತೆರೆದರೆ ಅವನ ಜಾಗದಲ್ಲಿ
ಇಪ್ಪತ್ತೈದರ ಅಕ್ಕಿ ಮೂಟೆ ಎರಡು,
ಮೇಲೊಂದು ಕಿಲೋ ಉಪ್ಪು.
ಓಕ್‌ಸಾಲಿನ ತಕ್ಕಡಿಯವನೂ ಲೆಕ್ಕದಲ್ಲಿ ಗಟ್ಟಿಗ.

ಶುಕ್ರ, ಶನಿ.
ಭಾನುವಾರ ಪ್ರಾರ್ಥನೆಯ ಗಂಟೆ ಹೊಡೆಯುವಾಗ
ಎದುರು ಬೆಟ್ಟದಿಂದ ಕೂಗು ಬಂತು.
ನಮ್ಮಲ್ಲಿ ಕೂಗಳತೆ ಎಂದರೆ
ಗಂಟಲಿಗೆ ಅರೆಗಳಿಗೆ, ಕಾಲಿಗೆ ಅರ್ಧ ದಿನ.
ಅವನ ಹೆಂಡತಿ ಯೆಮಿಸ್ ಅಂಗಳದಿಂದಲೇ ಮರುಕೂಗು ಹಾಕಿದಳು:
ಗೆಣಸು ಸುಡಲೋ, ಬೇಯಿಸಲೋ?
ಉತ್ತರ ಬರುವ ಮೊದಲೇ ಮೋಡ ಮುಚ್ಚಿತು.

ಸಂಜೆ ನಾನು ರೇಡಿಯೊದಲ್ಲಿ
ನಾಳೆಯ ಮೋಡದ ಬಗ್ಗೆ ಏನೋ ಒಂದು ಹೇಳುತ್ತಿದ್ದೆ.
ಮನೆಗೂ ಹೋಗದೆ, ಕೆಸರುಗಾಲಲ್ಲೇ
ದಾಸ್ಯಾಲ್ ನೆಟ್ಟಗೆ ಬಂದು ತಕ್ಕಡಿ ಹತ್ತಿದ.
ನಲವತ್ತೊಂಬತ್ತು.
ಕೊಡಲಿ ಸೇರಿ.
"ಉಳಿದದ್ದೆಲ್ಲಿ?" ಎಂದೆ.
"ಕಲ್ಲಾಸರೆಯಲ್ಲಿದೆ," ಅಂದ. "ಒಣಗಲಿ."