ಪಟಿಕದ ನೀರು

ಗಂಟೆಯ ಹಾಗೆ ಬೇಕು, ಅಂದರು ಮಿಸ್ ಡೊರೀನ್.
ಪೂಜೆ ಗಂಟೆಯಾ, ಚರ್ಚಿನದಾ, ಕೇಳಿದೆ.
ನಕ್ಕರು. ಫಾಲ್ಸಿಗೆ ಬಂದ ಸೀರೆಗಳನ್ನು ಅತ್ತ ಸರಿಸಿ
ಹಳೆಯದೊಂದು ಅಚ್ಚಿನ ಚಿತ್ರ ಬಿಡಿಸಿಟ್ಟರು:
ಬೆನ್ನಿಗೆ ಏರೋಪ್ಲೇನ್ ಚಿಟ್ಟೆಯಷ್ಟು ರೆಕ್ಕೆ,
ಮೀನಖಂಡದ ನಡುವಿಗೆ ಬಂದು ನಿಂತ ಬಿಳಿ,
ಹೆಬ್ಬೆರಳ ತುದಿಯ ಮೇಲೆ ಇಡೀ ಹುಡುಗಿ.

ಕಬ್ಬನ್‌ಪೇಟೆ ಹದಿನೈದನೇ ಕ್ರಾಸಿನಲ್ಲಿ
ನಲವತ್ತೆರಡು ವರ್ಷ ಕತ್ತರಿ ಹಿಡಿದವನಿಗೆ
ಮೊದಲು ಕಂಡದ್ದು ಹುಡುಗಿಯಲ್ಲ, ಸೊಂಟದ ಪಟ್ಟಿ.
ಅಷ್ಟೊಂದು ನೆರಿಗೆಯನ್ನು ಅಷ್ಟು ಸಣ್ಣ ಪಟ್ಟಿಗೆ
ಹೇಗೆ ತುಂಬಿಸಿದ, ಪುಣ್ಯಾತ್ಮ?

ಅದಕ್ಕೂ ಮುಂಚೆ, ಅಂದರು ಮಿಸ್,
ಜರಿ, ಬಳೆ ಕಟ್ಟಿದ ಲಂಗ, ಹಿಮ್ಮಡಿಯ ಜೋಡು,
ಮಣಭಾರ ಹೊತ್ತು ಕುಣಿಯುತ್ತಿದ್ದರು.
ಆಮೇಲೆ ಕಥೆಗಳಿಗೇ ಗಾಳಿ ಸೋಕಿತು.
ಮದುವೆಗೆ ಮುಂಚೆ ಸತ್ತ ಹುಡುಗಿಯರು
ರಾತ್ರಿ ಕಾಡಿನಲ್ಲಿ ಎದ್ದು ಬರುವುದು.
ದೆವ್ವಕ್ಕೆ ಜರಿ ಉಡಿಸಲಾಗುತ್ತದೆಯೆ?

ಮೋಹಿನಿ ಅನ್ನಿ, ಅಂದೆ.
ನಮ್ಮಲ್ಲೂ ಬಿಳಿಯೇ. ಪಾದ ಮಾತ್ರ ಹಿಂದುಮುಂದು.
ಈ ಬೀದಿಯ ಬಾಗಿಲುಗಳ ಮೇಲೆಲ್ಲ ‘ನಾಳೆ ಬಾ’ ಬರೆದಿದ್ದ ಕಾಲ
ನೀವು ನೋಡಿಲ್ಲ.

ಹಿಮ್ಮಡಿ ಕಿತ್ತು ಹಾಕಿದ ರೇಷ್ಮೆಯ ಜೋಡು,
ತುದಿಗೆ ನೂಲಿನ ರಫು, ಅದೂ ಕುಣಿಯುವವಳ ಕೈಯದ್ದೇ.
(ಈ ಮಾತಿಗೆ ಅವಳ ಮೇಲೆ ಗೌರವ ಬಂತು.)
ಲಂಗವೋ, ಪದರದ ಮೇಲೆ ಪದರ
ಸೊಳ್ಳೆಪರದೆಯಂಥ ಬಟ್ಟೆ, ಗಂಜಿ ಕುಡಿಸಿದ್ದು.
ರಂಗದ ಅಂಚಿಗೆ ಸಾಲಾಗಿ ಗ್ಯಾಸಿನ ದೀಪ,
ಆ ಬೆಳಕಿಗೆ ಬಟ್ಟೆ ಬೆಳದಿಂಗಳಾಗುತ್ತಿತ್ತಂತೆ.
ಬೆಳದಿಂಗಳು ಹೊತ್ತಿಕೊಳ್ಳಲು
ಒಂದು ಸುತ್ತು ಹೆಚ್ಚು ತಿರುಗಿದರೆ ಸಾಕು.

ಪಟಿಕದಂಥ ನೀರಿನಲ್ಲಿ ಅದ್ದಿ ಎಂದು ಸರ್ಕಾರದ ಹುಕುಂ ಬಂತು.
ಅದ್ದಿದರೆ ಬೆಂಕಿ ಹಿಡಿಯದು,
ಆದರೆ ಬಿಳಿ ಕಂದುತ್ತದೆ, ಬಟ್ಟೆ ಸೆಟೆದುಕೊಳ್ಳುತ್ತದೆ,
ದೆವ್ವ ಮತ್ತೆ ಮನುಷ್ಯಳಾಗುತ್ತಾಳೆ.
ಒಲ್ಲೆ, ಅಂತ ಬರೆದೇ ಕೊಟ್ಟಳಂತೆ ಒಬ್ಬಳು. ಇಪ್ಪತ್ತರ ಹುಡುಗಿ.
ಹೊತ್ತಿಕೊಂಡ ಮೇಲೆ ಎಂಟು ತಿಂಗಳು ಇದ್ದಳು.
ಉಡುಪಿನ ಉಳಿದ ಚೂರನ್ನು ಪ್ಯಾರಿಸ್ಸಿನಲ್ಲಿ
ಇನ್ನೂ ಜೋಪಾನವಾಗಿ ಇಟ್ಟಿದ್ದಾರೆ.

ನನ್ನ ಕಾಲು ಪೆಡಲಿನ ಮೇಲೆ ನಿಂತಿತು.

ಎಂಬತ್ತೊಂಬತ್ತನೇ ಇಸವಿ, ವಿಕ್ಟೋರಿಯಾ ಆಸ್ಪತ್ರೆಯ ವರಾಂಡ,
ಕಾನ್‌ಸ್ಟೇಬಲ್ ಪೇಪರು ಬಿಚ್ಚಿ ತೋರಿಸಿದ ಕರಿ ಚೂರು.
ನಿಮ್ಮ ಹೊಲಿಗೆಯಾ ನೋಡ್ರೀ.
ತೋಳಿನ ಒಳಗಡೆ ಎರಡು ಸಾಲು, ಒತ್ತೊತ್ತಾಗಿ,
ನಮ್ಮಪ್ಪ ಕಲಿಸಿದ್ದು, ಪೇಟೆಯಲ್ಲಿ ಇನ್ಯಾರೂ ಹಾಕರು.
ಎದುರು ವಠಾರದ ಪದ್ಮಿನಿ. ನೈಲೆಕ್ಸ್ ಸೀರೆ.
ಸ್ಟೌ ಸಿಡಿಯಿತು, ಅಂದರು.
ಆ ಕಾಲದಲ್ಲಿ ಎಷ್ಟು ಸ್ಟೌ ಸಿಡಿದವು ಊರಿನಲ್ಲಿ,
ಎಲ್ಲವೂ ಸೊಸೆಯಂದಿರ ಕೈಯಲ್ಲೇ.
ಹೊಲಿಗೆ ನಂದೇ, ಅಂದೆ.
ಕೇಳಿದ್ದು ಅಷ್ಟೇ. ಹೇಳಿದ್ದೂ ಅಷ್ಟೇ.

ಮಿಸ್‌ಗೆ ಇದನ್ನೆಲ್ಲ ಹೇಳಲಿಲ್ಲ.
ಎಷ್ಟು ಪದರ ಅಂದಿರಿ? ಐದು. ಸರಿ, ಐದು.
ಈಗೆಲ್ಲ ಎಲ್‌ಇಡಿ, ಕೈಯಿಟ್ಟರೂ ಬಿಸಿ ತಾಗದು,
ಅವರೇ ಹೇಳಿದ್ದರು, ನಾನೂ ತಲೆಯಾಡಿಸಿದ್ದೆ.

ಆದರೂ ರಾತ್ರಿ ಬಣ್ಣದ ಗಂಗೋಜಿಯ ಬಾಗಿಲು ತಟ್ಟಿ
ಮುಷ್ಟಿ ಗಾತ್ರದ ಪಟಿಕ ಇಸಕೊಂಡು ಬಂದೆ.
ಯಾರ ಗಡ್ಡಕ್ಕೋ, ಅಂದ.
ಬಕೆಟ್ಟಿನಲ್ಲಿ ಕರಗಿಸಿ
ಮೈಗೆ ಹತ್ತಿರದ ಪದರ ಒಂದನ್ನೇ ಅದ್ದಿ
ಅಂಗಡಿಯೊಳಗೆ ಅಡ್ಡ ಹಗ್ಗಕ್ಕೆ ಹಾಕಿದೆ.
ಬೆಳಗಿನವರೆಗೆ ತೊಟ್ಟಿಕ್ಕಿತು.

ಶನಿವಾರ ನೋಡಲು ಬಂದಳು ನಿರಂಜನಿ, ಕಾಕ್ಸ್‌ಟೌನಿನವಳು, ಹದಿನಾಲ್ಕಿರಬಹುದು.
ಮೆಷಿನ್ನಿಗೂ ಇಸ್ತ್ರಿ ಮೇಜಿಗೂ ನಡುವೆ ಇರುವ
ಮೂರು ಅಡಿ ಜಾಗದಲ್ಲಿ ತಿರುಗಿದಳು,
ಗೋಡೆಯ ಕ್ಯಾಲೆಂಡರ್ ಹಾಳೆಗಳು ಎದ್ದು ಬಿದ್ದವು,
ಬಟ್ಟೆ ಅವಳಿಗಿಂತ ಅರೆ ಚಣ ತಡವಾಗಿ ನಿಂತಿತು.
ಎಲ್ಲ ಸರಿಯಿದೆ ಅಂಕಲ್,
ಒಳಗಿನದೊಂದು ಮಾತ್ರ ಚುಚ್ಚುತ್ತೆ.

ಒಂದು ಒಗೆತಕ್ಕೆ ಹೋಗುತ್ತಮ್ಮ, ಅಂದೆ.
ಅಂದು, ಗುಂಡುಸೂಜಿಗಳನ್ನು ಮತ್ತೆ
ಬಾಯಿಗಿಟ್ಟುಕೊಂಡೆ.