ನಾಕ ಇಂಚು ಕಡಿಮಿ

ಹ್ವಾದ ಚೌತಿಗೆ ಮುಳುಗಿದ ಯಾವುದೋ ಓಣಿಯ ಗಣಪ್ಪ
ಮಣ್ಣೆಲ್ಲ ಕರಗಿಸಿ, ಕಬ್ಬಿಣದ ಸರಳಷ್ಟ ಉಳಿಸಿಕೊಂಡು
ಉಣಕಲ್ ಕೆರಿ ತಳದಾಗ ಕುಂತಿದ್ದ.
ನಮ್ಮ ಸ್ಟೆಲ್ಲಾ ಹೋಗಿ ಅವನ ಮೊಣಕಾಲಿಗೆ ಬಡದ್ಲು.
ಮೂರು ರೆಕ್ಕಿಯೊಳಗ ಒಂದು ಹರೀತು,
ಒಂದು ಕಿವಿ ಹಿಂಡಿಧಾಂಗ ತಿರುವಿಕೊಂತು,
ಮೂರನೇದ್ದು ಸುಮ್ಮನ ಇತ್ತು, ತನಗೇನೂ ಗೊತ್ತಿಲ್ಲನ್ನೂಹಂಗ.
"ವಿಘ್ನ ಕಳಿಯವನ ವಿಘ್ನ ಇಟ್ರ ಯಾರಿಗೆ ಹೇಳೂಣು?"
ಅಂದ ಟಿಕೀಟು ಹರಿಯೋ ಮೈಲಾರಿ.

ಗೋಣಿಚೀಲದಾಗ ಸುತ್ತಿ, ಸ್ಕೂಟರಿನ ಮುಂದಿಟಗೊಂಡು
ಗೋಕುಲ ರೋಡಿನ ಹಿಂದಿನ ಗಲ್ಲಿ,
ಬುಡ್ಡೇಸಾಬರ ಲೇಥಿಗೆ ಹೋದೆ.
ಅವರು ಸಮುದ್ರ ಕಂಡವರಲ್ಲ.
ಐವತ್ತು ವರ್ಷ ಶೇಂಗಾ ಮಿಲ್ಲಿನ ಎಕ್ಸ್‌ಪೆಲ್ಲರು,
ಬೋರಿನ ಪಂಪು, ಹಿಟ್ಟಿನ ಗಿರಣಿ.
ತಿರುಗೂದು ಯಾವುದಾದ್ರೇನು, ಕೈಯಾಗ ಹಿಡದ್ರ ಗುರುತು ಹತ್ತತೈತಿ.

"ಇದರ ನಂಬರು?"
ಬುಡಕ್ಕ ಏನೋ ಕೆತ್ತಿತ್ತು, ಸವೆದು ಹೋಗಿತ್ತು.
ಮೊಮ್ಮಗಳ ನೋಟಬುಕ್ಕಿನ ಒಂದು ಹಾಳಿ ಹರದು
ಅದರ ಮ್ಯಾಲಿಟ್ಟು, ಪೆನ್ಸಿಲ್ ಅಡ್ಡ ಹಿಡದು ಹಗುರಕ ಉಜ್ಜಿದ್ರು.
ಕರೀ ಮಾಡದಾಗ ಬೆಳ್ಳಗ ಮೂಡಿತು:
ಹದಿನಾಕು. ಹತ್ತೊಂಬತ್ತು.

ಹದಿನಾಕು ಅಂದ್ರ ಅಗಲ, ಅದು ತಿಳೀತು.
ಹತ್ತೊಂಬತ್ತು?
"ಒಂದು ಸುತ್ತಿಗೆ ಎಷ್ಟು ಮುಂದ ಹೋಗಬೇಕು ಅನ್ನೂ ಆಸೆ," ಅಂದ್ರು.
"ಆಸೆ ಅಷ್ಟ. ನೀರು ಬೆಣ್ಣಿಹಂಗ, ಜಾರತೈತಿ.
ಹತ್ತೊಂಬತ್ತು ಬೇಡಿದ್ರ ಹದಿನೈದು ಕೊಟ್ಟೀತು."

ಸ್ಟೆಲ್ಲಾ ಗೋವಾದಾಕಿ.
ಎಂಜಿನ್ ಹೊಟ್ಟಿಯೊಳಗ, ಕಾಲು ಹೊರಗ ನೀರಾಗ.
ಡಾಲ್ಫಿನ್ ತೋರಸ್ತೇವಂತ ಮಂದಿ ಕೂಡಿಸಿಕೊಂಡು
ಉಪ್ಪುನೀರಾಗ ಇಪ್ಪತ್ತೆರಡು ವರ್ಷ ಓಡಿದಾಕಿ.
ಓಡೂದಕ್ಕಂತ ತೊಡಿಸಿದ ರೆಕ್ಕಿ ಅದು.
ಇಲ್ಲಿ ಹಗ್ಗ ಬಿಚ್ಚೂದ್ರೊಳಗ ಆಚಿ ದಂಡಿ ಬರತೈತಿ.
ಹನ್ನೆರಡು ಮಂದಿ, ಚುರಮರಿ ಪೊಟ್ಟಣ, ಜೋಳಿಗಿಯೊಳಗಿನ ಕೂಸು.
ಎದ್ದು ನಿಲ್ಲಲಿಕ್ಕೇ ಆಕಿಗೆ ಏದುಸಿರು;
ಮುಳ್ಳು ಮೂರು ಸಾವಿರದ ಎಂಟುನೂರಕ್ಕ ಬಂದು
ಅಲ್ಲೇ ನಡಗತಿತ್ತು.
ಕಂಪನಿ ಪುಸ್ತಕದಾಗ ನಾಕು ಸಾವಿರದ ಆರುನೂರು ಅಂತ ಬರದಿತ್ತು.
ಎಂಜಿನ್ನಿಗೆ ವಯಸ್ಸಾತು ಅಂತ ನಾ ಬೈತಿದ್ದೆ.

"ಎರಡಿಂಚು ಇಳಿಸಿದ್ರ ನಾಕುನೂರು ಏರೀತು," ಅಂದ್ರು ಸಾಬರು,
ಅದ ಹಾಳಿ ಹಿಂದ ಲೆಕ್ಕ ಹಾಕ್ಕೋತ.
"ನಾಕಿಂಚು ಇಳಿಸು. ಹದಿನೈದು ತಾ."

ಕಾರವಾರದ ಅಂಗಡಿಯವ ಫೋನಿನ್ಯಾಗ ಸ್ಟೀಲ್ ಹೊಗಳಿದ.
ಮೂವತ್ತೆಂಟು ಸಾವಿರ, ಕನ್ನಡಿಹಂಗ ಹೊಳಪು,
ಬಾಗೂದಿಲ್ಲ, ಜನ್ಮ ಬಾಳಿಕಿ.
ನನ್ನ ಕಣ್ಣಾಗ ಹೊಳಪು ಬಂದದ್ದು ಸಾಬರಿಗೆ ಕಂಡಿರಬೇಕು.
"ಬಾಗಲಾರದ್ದು ಪೆಟ್ಟು ತಾ ತಿನ್ನೂದಿಲ್ಲ, ಒಳಗ ಕಳಸತೈತಿ.
ಗಣಪ್ಪ ಇನ್ನೂ ಅಲ್ಲೇ ಅದಾನು, ಅವನ ಬೀಗರೂ ಅದಾರು.
ರೆಕ್ಕಿ ಹೋಗಲಿ ಹನ್ನೊಂದು ಸಾವಿರದ್ದು.
ಗೇರು ಹೋದ್ರ ದೋಣೀನ ಮಾರತೀ."

ಅಲ್ಯುಮಿನಿಯಂ. ಬಸ್ಸಿನ್ಯಾಗ ಬಂತು, ಮೀನಿನ ವಾಸನಿ ಹಚ್ಚಿಕೊಂಡು.
ಶಾಫ್ಟಿನ ಹಲ್ಲು ಎಣಿಸಿದೆ, ಹದಿನೈದು; ರಂಧ್ರದ ಹಲ್ಲು ಎಣಿಸಿದೆ,
ಮತ್ತೊಮ್ಮೆ ಎಣಿಸಿದೆ.
ಗ್ರೀಸು ಸವರಿ, ವಾಶರು ಮೊದಲು ಹಾಕಿ
(ಅದನ್ನ ಕಳಕೊಂಡು ಒಂದು ದಿನ ಅಳೂಹಂಗಾಗಿದ್ದೆ),
ರೆಕ್ಕಿ ತಿರುಗದಂಗ ಕಟ್ಟಿಗಿ ತುಂಡು ಸಿಗಿಸಿ ನಟ್ಟು ಬಿಗದೆ.

ನಸಿಕಿನ್ಯಾಗ ಯಾರೂ ಇದ್ದಿದ್ದಿಲ್ಲ.
ಭಾರಕ್ಕಂತ ಮೈಲಾರಿ ಹತ್ತು ಚೀಲ ಉಸುಕು ಹೊತ್ತು ತಂದಿದ್ದ.
ಸಾಬರು ಜೀವನದಾಗ ಮೊದಲ ಸಲ ದೋಣಿ ಹತ್ತಿದ್ರು,
ಚಪ್ಪಲಿ ದಂಡಿಮ್ಯಾಲೆ ಬಿಟ್ಟು, ಮಸೂತಿ ಹತ್ತಿಧಾಂಗ.
ಹಿಡಿಕಿ ಪೂರ್ತಿ ತಳ್ಳಿದೆ.
ಸ್ಟೆಲ್ಲಾ ಮೂಗು ಎತ್ತಿದ್ಲು, ಒಂದು ಉಸಿರು ತಗೊಂಡ್ಲು, ಎದ್ಲು.

ನಾಕು ಸಾವಿರದ ಐದುನೂರಾ ಐವತ್ತು.

"ಇನ್ನೈವತ್ತು ಕಡಿಮಿ ಬಿತ್ತಲ್ರೀ," ಅಂದೆ.
ಅವರು ಎರಡೂ ಕೈಲೆ ಕಂಬಿ ಹಿಡಕೊಂಡು
ಹಿಂದ ಸೀಳಿ ಹೊಂಟ ನೀರು ನೋಡ್ಲಿಕ್ಕತ್ತಿದ್ರು.
"ಅದು ಅಂತರಗಂಗಿ ಪಾಲು, ಬಿಡು," ಅಂದ್ರು.
"ಇನ್ನೊಂದು ಸುತ್ತು ಹೊಡಿ."